ಹಂಪನಕಟ್ಟೆಗೆ ಗೇಟ್ ಇಲ್ಲ, ವೈಟ್‌ಫೀಲ್ಡ್‌ಗೆ ಪೇಟೆ ಇಲ್ಲ

ಭಾನುವಾರ ರಾತ್ರಿ ಮಂಗಳೂರಿನಲ್ಲಿ ಬೆಂಗಳೂರು ಬಸ್ ಹತ್ತೋರನ್ನ ಒಂದ್ಸಲ ನೋಡಿ. ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ತಿಂಡಿಯ ಚೀಲ. ರಾತ್ರೋರಾತ್ರಿ ಶಿರಾಡಿ ಘಾಟಿ ಹತ್ತಿ, ಬೆಳಗಿನ ಜಾವ ಬೆಂಗಳೂರಲ್ಲಿ ಇಳಿದು, ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಅಂತ ಚದುರಿ ಹೋಗ್ತಾರೆ. ಸಂಬಳ ಅಲ್ಲಿದೆ, ಹೋಗಲೇಬೇಕು. ಆದರೆ ಇವರನ್ನ 'ನಿಮ್ಮ ಪೇಟೆ ಯಾವುದು' ಅಂತ ಕೇಳಿ, ಥಟ್ಟನೆ ಹಂಪನಕಟ್ಟೆ ಅಂತಾರೆ. ಹತ್ತು ವರ್ಷ ವೈಟ್‌ಫೀಲ್ಡ್‌ನಲ್ಲೇ ಇರುವವರನ್ನ 'ವೈಟ್‌ಫೀಲ್ಡ್ ಪೇಟೆ ಎಲ್ಲಿದೆ' ಅಂತ ಕೇಳಿ ನೋಡಿ. ಒಬ್ಬರು ಒಂದು ಮಾಲ್ ಹೆಸರು ಹೇಳ್ತಾರೆ, ಇನ್ನೊಬ್ಬರು ಒಂದು ಸಿಗ್ನಲ್ ಹೆಸರು ಹೇಳ್ತಾರೆ. ಲಕ್ಷಾಂತರ ಜನ ದುಡಿಯೋ ಜಾಗಕ್ಕೆ ಒಂದು ಪೇಟೆ ಯಾಕಿಲ್ಲ? ಇವತ್ತಿನ ಪ್ರಶ್ನೆ ಇದು.

ಸೆಂಟ್ರಲ್ ಬಿಸಿನೆಸ್ ಡಿಸ್ಟ್ರಿಕ್ಟ್, ಸಿಬಿಡಿ ಅನ್ನೋ ಮಾತನ್ನ ನೀವು ಕೇಳಿರ್ತೀರಿ. ದೊಡ್ಡ ಹೆಸರು, ಅರ್ಥ ಮಾತ್ರ ಸರಳ. ಊರಿನ ಎಲ್ಲ ದಾರಿಗಳೂ ಬಂದು ಸೇರುವ, ಎಲ್ಲರ ಕೆಲಸವೂ ಆಗುವ ಜಾಗ. ನಮ್ಮ ಹಿರಿಯರು ಇದನ್ನೇ ಪೇಟೆ ಅಂದರು.

ಹಂಪನಕಟ್ಟೆಯನ್ನೇ ನೋಡಿ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣ ಎಂಬಾತನ ಕಟ್ಟೆ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯ್ತು ಅಂತ ಊರಲ್ಲೊಂದು ಮಾತಿದೆ. ಕಟ್ಟೆಯ ಸುತ್ತ ಊರು ಒಂದೊಂದಾಗಿ ಸೇರಿಕೊಳ್ತು. ಮಿಲಾಗ್ರಿಸ್ ಚರ್ಚ್ 1680ರದ್ದು. ವೆನ್ಲಾಕ್ ಆಸ್ಪತ್ರೆ 1848ರದ್ದು. ಈಗ ವಿಶ್ವವಿದ್ಯಾನಿಲಯ ಕಾಲೇಜು ಆಗಿರುವ ಹಳೇ ಸರ್ಕಾರಿ ಕಾಲೇಜು ಶುರುವಾಗಿದ್ದು 1868ರಲ್ಲಿ. ರೈಲು ಬಂದಿದ್ದು 1907ರಲ್ಲಿ. ಪಕ್ಕದಲ್ಲೇ ಮೈದಾನ, ಪುರಭವನ, ಲೇಡಿಗೋಷನ್ ಆಸ್ಪತ್ರೆ, ಸೆಂಟ್ರಲ್ ಮಾರ್ಕೆಟ್. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡು ಸದಾಶಿವರಾಯರ ಹೆಸರಿನ ಕೆ.ಎಸ್. ರಾವ್ ರಸ್ತೆ, ಬಲ್ಮಠ ರಸ್ತೆ, ಫಳ್ನೀರ್ ರಸ್ತೆ, ಬಂದರಿನ ಕಡೆ ಇಳಿಯೋ ದಾರಿ, ಎಲ್ಲವೂ ಅಲ್ಲೇ ಕೂಡ್ತವೆ.

ಇದರಿಂದ ಏನಾಗುತ್ತೆ? ಬಂಟ್ವಾಳದ ಹಳ್ಳಿಯೊಂದರ ಹೆಂಗಸು ಅಂದುಕೊಳ್ಳಿ. ಕಂಡಕ್ಟರ್ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಅಂತ ಕೂಗೋ ಬಸ್ ಹತ್ತಿದರೆ ಸಾಕು. ಆಸ್ಪತ್ರೆಯಲ್ಲಿ ಔಷಧಿ, ಬ್ಯಾಂಕಿನಲ್ಲಿ ಚಿನ್ನದ ಸಾಲದ ಬಡ್ಡಿ, ಮಗಳ ಕಾಲೇಜಿನ ಫೀಸು, ಮಾರ್ಕೆಟ್‌ನಲ್ಲಿ ತರಕಾರಿ, ಮನೆಗೆ ಹೋಗೋ ಮುಂಚೆ ಮಾರ್ಕೆಟ್ ರೋಡಿನಲ್ಲಿ ಮಗುವಿಗೊಂದು ಐಸ್‌ಕ್ರೀಂ. ನಡೆದೇ ಮುಗಿಸ್ತಾಳೆ, ಸಂಜೆ ವಾಪಸ್. ಅಂಗಡಿಯವನ ಲೆಕ್ಕವೂ ಇದೇ. ಬಟ್ಟೆ ಅಂಗಡಿಗೆ ಬಂದ ಗಿರಾಕಿ ಪಕ್ಕದ ಚಿನ್ನದಂಗಡಿಗೂ ಹೋಗ್ತಾನೆ, ಎದುರಿನ ಹೋಟೆಲಿಗೂ ಹೋಗ್ತಾನೆ. ಒಬ್ಬರ ಗಿರಾಕಿ ಇನ್ನೊಬ್ಬರಿಗೆ ಗಿರಾಕಿ. ಪೇಟೆ ನಡುವಿನ ಮಳಿಗೆಗೆ ಬಾಡಿಗೆ ಜಾಸ್ತಿ ಯಾಕೆ ಅಂದ್ರೆ, ಕಾರಣ ಇದೇ.

ಈಗ ವೈಟ್‌ಫೀಲ್ಡಿಗೆ ಬನ್ನಿ. ಆಶ್ಚರ್ಯ ಏನು ಗೊತ್ತಾ? ವೈಟ್‌ಫೀಲ್ಡಿಗೂ ಒಂದು ನಡುಮಧ್ಯ ಇತ್ತು! 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ್ ಕೊಟ್ಟ ಜಮೀನಿನಲ್ಲಿ, ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಡೇವಿಡ್ ವೈಟ್ ಅವರ ನೇತೃತ್ವದಲ್ಲಿ ಹುಟ್ಟಿದ ಊರು ಅದು. ದುಂಡಗೆ ಯೋಜನೆ ಮಾಡಿದ ಊರು. ಇನ್ನರ್ ಸರ್ಕಲ್ ಅನ್ನೋ ಹೆಸರು ಇವತ್ತಿಗೂ ಉಳಿದಿದೆ. ಆದರೆ 1990ರ ದಶಕದಲ್ಲಿ ಐಟಿಪಿಎಲ್ ಬಂತಲ್ಲ, ಆಮೇಲಿನ ಬೆಳವಣಿಗೆ ಆ ಸರ್ಕಲ್ ಕಡೆ ತಿರುಗಿಯೂ ನೋಡಲಿಲ್ಲ. ಎಕರೆಗಟ್ಟಲೆ ಜಾಗ, ಸುತ್ತ ಕಾಂಪೌಂಡು, ಒಂದು ಗೇಟು. ಊಟ ಒಳಗೆ, ಜಿಮ್ ಒಳಗೆ, ಎಟಿಎಂ ಒಳಗೆ, ಕಂಪನಿ ಬಸ್ಸೂ ಒಳಗೇ ಬಂದು ನಿಲ್ಲುತ್ತೆ. ಹೊರಗಿನ ರಸ್ತೆಗೆ ಉಳಿದಿದ್ದು ಉದ್ದನೆಯ ಗೋಡೆ ಮತ್ತು ಟ್ರಾಫಿಕ್ಕು. ಗೋಡೆಯ ಪಕ್ಕ ಪೇಟೆ ಹುಟ್ಟೋದು ಹೇಗೆ ಹೇಳಿ?

ಎಲೆಕ್ಟ್ರಾನಿಕ್ ಸಿಟಿಯದ್ದೂ ಇದೇ ಕಥೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ 332 ಎಕರೆಯಲ್ಲಿ ಶುರು ಮಾಡಿದ ಕನಸು, ಆರ್.ಕೆ. ಬಾಳಿಗಾ ಅವರ ಕನಸು. ಕನಸು ನಿಜವಾಯ್ತು, ದೇಶಕ್ಕೇ ಹೆಸರು ಬಂತು. ಎಲ್ಲರಿಗೂ ಕೆಲಸದ ಲೆಕ್ಕ ಇತ್ತು. ಕೆಲಸ ಮುಗಿದ ಮೇಲೆ ಆ ಜನ ಎಲ್ಲಿ ಸೇರಬೇಕು ಅನ್ನೋ ಲೆಕ್ಕ ಯಾರೂ ಹಾಕಲಿಲ್ಲ.

'ಅದಕ್ಕೇನು, ಸರ್ಕಾರ ಒಂದು ಆದೇಶ ಮಾಡಿ ಹೊಸ ಕೇಂದ್ರ ಕಟ್ಟಲಿ' ಅಂತೀರಾ? ಪೀಣ್ಯದಲ್ಲಿ ಅದನ್ನೂ ನೋಡಿಯಾಗಿದೆ. ಮೆಜೆಸ್ಟಿಕ್ ಮೇಲಿನ ಒತ್ತಡ ತಗ್ಗಿಸೋಕೆ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ ಕಟ್ಟಿ, 2014ರಲ್ಲಿ ದೂರದೂರಿನ ಬಸ್ಸುಗಳನ್ನ ಅಲ್ಲಿಗೆ ಕಳಿಸಿದರು. ಕಟ್ಟಡ ಭರ್ಜರಿ. ಜನ? ಬರಲಿಲ್ಲ. ಮೂಟೆ ಮಕ್ಕಳನ್ನ ಕಟ್ಟಿಕೊಂಡು ಅಲ್ಲಿವರೆಗೆ ಹೋಗಿ ಮತ್ತೆ ಬಸ್ ಬದಲಾಯಿಸೋರು ಯಾರು? ಸ್ವಲ್ಪ ದಿನದಲ್ಲೇ ಬಸ್ಸುಗಳು ಮೆಜೆಸ್ಟಿಕ್‌ಗೇ ವಾಪಸ್ ಬಂದವು. ಬಸ್ಸನ್ನ ಆದೇಶದಿಂದ ಕಳಿಸಬಹುದು. ಜನರ ರೂಢಿಯನ್ನ ಆದೇಶದಿಂದ ಕಳಿಸೋಕಾಗಲ್ಲ.

ಈ ಪಾಠವನ್ನ ಮಂಗಳೂರು ಈಗ ಕಲೀಬೇಕಿದೆ. ಯಾಕಂದ್ರೆ ಇರೋ ಪೇಟೆಯನ್ನೇ ಒಂದೊಂದು ಇಟ್ಟಿಗೆಯಾಗಿ ಕಳಚುವ ಕೆಲಸ ಅಲ್ಲಿ ನಡೀತಾ ಇದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಸೆಂಟ್ರಲ್ ಮಾರ್ಕೆಟ್ ಮುಚ್ಚಿತು. ಸಗಟು ವ್ಯಾಪಾರಿಗಳನ್ನ ಸುಮಾರು 10 ಕಿಲೋಮೀಟರ್ ದೂರದ ಬೈಕಂಪಾಡಿ ಎಪಿಎಂಸಿ ಯಾರ್ಡಿಗೆ ಕಳಿಸಿದರು. ವ್ಯಾಪಾರಿಗಳು ಹೈಕೋರ್ಟ್ ಮೆಟ್ಟಿಲು ಹತ್ತಿದರು. ಕೊನೆಗೆ ಹೊಸ ಮಾರುಕಟ್ಟೆಯ ಯೋಜನೆಗಾಗಿ ಹಳೇ ಕಟ್ಟಡ ನೆಲಕ್ಕೆ ಬಿತ್ತು. 2025ರಲ್ಲಿ ಜಿಲ್ಲಾಧಿಕಾರಿ ಕಚೇರಿ ಪಡೀಲ್‌ನ ಪ್ರಜಾಸೌಧಕ್ಕೆ ಹೋಯ್ತು. ಐಟಿ ಕ್ಯಾಂಪಸ್ಸು ಮುಡಿಪಿನ ಗುಡ್ಡದ ಮೇಲೆ. ಒಂದೊಂದಕ್ಕೂ ಕಾರಣ ಇದೆ, ನಾನು ಇಲ್ಲ ಅನ್ನಲ್ಲ. ಹಂಪನಕಟ್ಟೆಯಲ್ಲಿ ಪಾರ್ಕಿಂಗ್ ಇಲ್ಲ, ಮಳೆಗಾಲದಲ್ಲಿ ನಡೆಯೋಕೆ ಫುಟ್‌ಪಾತ್ ಇಲ್ಲ, ಹಳೇ ಕಟ್ಟಡಗಳು ಸೋರ್ತವೆ. ಆದರೆ ಎಲ್ಲವನ್ನೂ ಒಂದೊಂದು ದಿಕ್ಕಿಗೆ ಕಳಿಸಿಬಿಟ್ಟರೆ ಬಂಟ್ವಾಳದ ಆ ಹೆಂಗಸಿನ ಒಂದು ಬಸ್ ಟಿಕೆಟ್ ನಾಲ್ಕಾಗುತ್ತೆ, ಒಂದು ದಿನದ ಕೆಲಸ ಮೂರು ದಿನ ಆಗುತ್ತೆ. ಕಾರಿದ್ದವರಿಗೆ ಇದು ಗೊತ್ತಾಗೋದೇ ಇಲ್ಲ.

1990ರ ದಶಕದಲ್ಲಿ ಹಂಪನಕಟ್ಟೆಯ ಗಡಿಯಾರ ಗೋಪುರವನ್ನ ರಸ್ತೆಗೆ ಅಡ್ಡ ಅಂತ ಕೆಡವಿದರು. ಆಮೇಲೆ ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಅದೇ ಜಾಗದಲ್ಲಿ ಹೊಸ ಗೋಪುರ ಕಟ್ಟಿದರು. ಗಡಿಯಾರವನ್ನ ಹೀಗೆ ಮತ್ತೆ ಕಟ್ಟಬಹುದು. ಚದುರಿದ ಪೇಟೆಯನ್ನ ಹಾಗೆ ಕಟ್ಟೋಕೆ ಟೆಂಡರ್ ಕರೆಯೋಕಾಗುತ್ತಾ?

ಬೆಂಗಳೂರಿಗೆ ಈಗ ಒಂದು ಅವಕಾಶ ಬಂದಿದೆ. 2023ರಲ್ಲಿ ನೇರಳೆ ಮಾರ್ಗದ ಮೆಟ್ರೋ ವೈಟ್‌ಫೀಲ್ಡ್ ಕಾಡುಗೋಡಿಗೆ ಮುಟ್ಟಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಯ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಕಾಡುಗೋಡಿಯಲ್ಲಿ ಮೆಟ್ರೋ ಇದೆ, ರೈಲು ನಿಲ್ದಾಣ ಇದೆ, ಬಸ್ ನಿಲ್ದಾಣ ಇದೆ, ಮೂರೂ ಹತ್ತಿರ ಹತ್ತಿರ. ದಾರಿಗಳು ಆಗಲೇ ಕೂಡಿವೆ. ಹಂಪನಕಟ್ಟೆಯ ಹಾಗೆ ಅಲ್ಲೇ ನಡೆಯೋ ದೂರದಲ್ಲಿ ಒಂದು ಸರ್ಕಾರಿ ಆಸ್ಪತ್ರೆ, ಒಂದು ತರಕಾರಿ ಮಾರ್ಕೆಟ್, ಒಂದು ಲೈಬ್ರರಿ, ಕೂತುಕೊಳ್ಳೋಕೆ ಒಂದು ಕಟ್ಟೆ ಮಾಡಿ. ಉಳಿದಿದ್ದನ್ನ ಜನ ಮಾಡ್ಕೋತಾರೆ.

ಟೆಕ್ ಪಾರ್ಕ್ ಗೇಟಿನಲ್ಲಿ ಗಾರ್ಡ್ ಕೇಳೋ ಮೊದಲ ಪ್ರಶ್ನೆ, 'ಐಡಿ ಕಾರ್ಡ್ ಎಲ್ಲಿ?' ಸಾಫ್ಟ್‌ವೇರ್ ಎಂಜಿನಿಯರ್‌ಗೂ ಅದೇ ಪ್ರಶ್ನೆ, ನೆಲ ಒರೆಸೋ ಅಮ್ಮನಿಗೂ ಅದೇ ಪ್ರಶ್ನೆ. ಕೆಲಸ ಹೋದ ದಿನ ಇಬ್ಬರೂ ಗೇಟಿನ ಹೊರಗೆ. ಹಂಪನಕಟ್ಟೆಯಲ್ಲಿ ಕಾಲೇಜು ಹುಡುಗನನ್ನಾಗಲಿ, ಮೀನು ಮಾರಿ ಬಂದ ಹೆಂಗಸನ್ನಾಗಲಿ, ಕೆಲಸ ಹುಡುಕ್ತಿರೋನನ್ನಾಗಲಿ, 'ನೀನು ಇಲ್ಲಿಗೆ ಯಾಕೆ ಬಂದೆ' ಅಂತ ಯಾರೂ ಕೇಳಲ್ಲ. ಕೇಳದೆ ಇರೋ ಅಂಥ ಜಾಗ ನಿಮ್ಮ ಊರಿನಲ್ಲಿ ಇನ್ನೂ ಉಳಿದಿದೆಯಾ? ಇದ್ದರೆ ಅದನ್ನ ಕಾಯ್ದುಕೊಳ್ಳಿ.