ಮೂಳೆ ಡಾಕ್ಟರರ ಮೂರನೇ ಕೆಲಸ: ಆ ಒಂದು ಪರ್ಸೆಂಟೇಜ್ ಹಿಂದೆ ಏನಿದೆ?

ರಾಯದುರ್ಗ, ಮಡಕಶಿರಾ ಎರಡೂ ಆಂಧ್ರಪ್ರದೇಶದ ಹಳೇ ಅನಂತಪುರ ಜಿಲ್ಲೆಯ ಊರುಗಳು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಡಿ. ಹಿರೇಹಾಳ್, ಅಮರಾಪುರಂ, ರೊಳ್ಳ ಕಡೆ ಹೋದರೆ ಇವತ್ತಿಗೂ ಮನೆಮಾತು ಕನ್ನಡ. ಬೈಕ್ ಬಿದ್ದು ಕಾಲು ಮುರಿದರೆ ರಾಯದುರ್ಗದವರು ಬಳ್ಳಾರಿಗೆ ಓಡುವುದೇ ಹೆಚ್ಚು. ಬಳ್ಳಾರಿ ಸುಮಾರು 50 ಕಿ.ಮೀ., ಅನಂತಪುರ ಹತ್ತಿರ ಹತ್ತಿರ ಅದರ ಎರಡು ಪಟ್ಟು.

ಅಲ್ಲಿ ಮೂಳೆ ಡಾಕ್ಟರು ರಾಡ್ ಹಾಕುತ್ತಾರೆ, ಕಾಲು ಕೂಡಿಕೊಳ್ಳುತ್ತದೆ. ಜನರ ಕಣ್ಣಿಗೆ ಡಾಕ್ಟರ ಕೆಲಸ ಅಲ್ಲಿಗೆ ಮುಗಿಯಿತು. ಎರಡನೇ ಕೆಲಸ ಪಾಠ ಹೇಳುವುದು. ಬಳ್ಳಾರಿಯ ಸರಕಾರಿ ಮೆಡಿಕಲ್ ಕಾಲೇಜು 1961ರಿಂದ ಇದೆ, ಅನಂತಪುರದ್ದು 2000ದಲ್ಲಿ ಶುರುವಾಯಿತು. ನಮ್ಮ ಮಂಗಳೂರಿನಲ್ಲಿ ಡಾ. ಎಂ. ಶಾಂತಾರಾಮ ಶೆಟ್ಟಿಯವರ ಹಾಗೆ ಪಾಠವನ್ನೂ ಆಪರೇಷನ್ನನ್ನೂ ಜೊತೆಯಾಗಿ ನಡೆಸಿದವರನ್ನು ಓದುಗರು ಬಲ್ಲರು.

ಮೂರನೆಯದು ಯಾರ ಕಣ್ಣಿಗೂ ಬೀಳದ ಕೆಲಸ. ಗಾಯ ವಾಸಿಯಾದ ಮೇಲೆ ಶಾಶ್ವತವಾಗಿ ಎಷ್ಟು ಊನ ಉಳಿಯಿತು ಎಂದು ಅಳೆದು ಬರೆದು ಕೊಡುವುದು. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ ಚಿಕಿತ್ಸೆ ಕೊಡದ, ಎರಡೂ ಕಡೆಗೆ ಸೇರದ ಡಾಕ್ಟರು ಇದನ್ನೇ ವೃತ್ತಿಯಾಗಿ ಮಾಡುವುದುಂಟು. ನಮ್ಮಲ್ಲಿ ಅದು ಹೆಚ್ಚಾಗಿ ಚಿಕಿತ್ಸೆ ಕೊಟ್ಟ ಡಾಕ್ಟರ ಅಥವಾ ಸರಕಾರಿ ಮೆಡಿಕಲ್ ಬೋರ್ಡಿನ ಹೆಗಲಿಗೆ ಬೀಳುತ್ತದೆ.

ಅಳೆಯುವುದು ಕಣ್ಣಂದಾಜಿನಲ್ಲಲ್ಲ. ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಗೋನಿಯೋಮೀಟರ್ ಇಟ್ಟು ನೋಡುತ್ತಾರೆ. ಸ್ನಾಯುವಿನ ಬಲಕ್ಕೆ 0ಯಿಂದ 5ರವರೆಗೆ ಅಂಕ. ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕೊನೆಗೆ ಬರುವುದು ಒಂದು ಪರ್ಸೆಂಟೇಜ್.

ಗೊಂದಲ ಶುರುವಾಗುವುದೇ ಇಲ್ಲಿ. ‘ಬಲಗಾಲಿಗೆ 30%’ ಎಂದರೆ ಇಡೀ ದೇಹಕ್ಕೆ 30% ಅಲ್ಲ. ಕರ್ನಾಟಕದ ಟ್ರಿಬ್ಯೂನಲ್‌ಗಳಲ್ಲಿ ಸಾಮಾನ್ಯವಾಗಿ ಅಂಗದ ಊನದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದೆಂದು ಹಿಡಿಯುವುದು ವಾಡಿಕೆ. ಅಂದರೆ 10%. ಸಂಪಾದನೆಗೆ ಬಿದ್ದ ಹೊಡೆತ ಎಷ್ಟು ಅನ್ನುವುದು ಮತ್ತೆ ಬೇರೆಯೇ ಪ್ರಶ್ನೆ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಎಷ್ಟೋ ಮನೆಗಳ ಅನ್ನ. 28 ವರ್ಷದ ಒಬ್ಬ ಟೈಲರ್ ತಿಂಗಳಿಗೆ 15,000 ರೂ. ದುಡಿಯುತ್ತಾನೆ ಎಂದುಕೊಳ್ಳಿ. ಸರಳಾ ವರ್ಮಾ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪಟ್ಟಿಯಂತೆ ಆ ವಯಸ್ಸಿಗೆ ಗುಣಕ 17. 15,000 × 12 × 17 ಅಂದರೆ 30,60,000. ನಷ್ಟ 10% ಎಂದರೆ 3,06,000 ರೂ., 30% ಎಂದರೆ 9,18,000. ಆಸ್ಪತ್ರೆ ಖರ್ಚು, ಮುಂದಿನ ಆದಾಯ ಏರಿಕೆ ಇದರಲ್ಲಿ ಸೇರಿಲ್ಲ. ಕಾಗದದಲ್ಲಿ ಒಂದು ಅಂಕಿ ಬದಲಾದರೆ ಮನೆಗೆ ಬರುವ ದುಡ್ಡಿನಲ್ಲಿ ಆರು ಲಕ್ಷದ ವ್ಯತ್ಯಾಸ!

ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಎಂಬ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಡಾಕ್ಟರು ಹೇಳಬೇಕಾದದ್ದು ಊನ ಎಷ್ಟು ಎಂದು ಮಾತ್ರ. ಸಂಪಾದನೆ ಎಷ್ಟು ಹೋಯಿತು ಎಂದು ತೀರ್ಮಾನಿಸುವುದು ಟ್ರಿಬ್ಯೂನಲ್. ಎಡಗೈ ಹೋದರೆ ಡ್ರೈವರ್ ಅಥವಾ ಬಡಗಿಯ ಬದುಕೇ ಹೋದಂತೆ, ಗುಮಾಸ್ತನ ಕೆಲಸ ಉಳಿಯಬಹುದು ಎಂಬ ಉದಾಹರಣೆಯನ್ನೂ ಕೋರ್ಟೇ ಕೊಟ್ಟಿದೆ. ಹಾಗಾಗಿ ಟೈಲರ್‌ಗೆ ಪೆಡಲ್ ಒತ್ತುವ ಪಾದ ಎಷ್ಟು ಮುಖ್ಯ ಎಂದು ಹೇಳಿಕೊಳ್ಳದಿದ್ದರೆ 10% ಅಲ್ಲೇ ನಿಂತುಬಿಡುತ್ತದೆ.

ಅದೇ ತೀರ್ಪಿನಲ್ಲಿ ಇನ್ನೊಂದು ಖಾರದ ಮಾತೂ ಇದೆ: ಚಿಕಿತ್ಸೆಯನ್ನೇ ಕೊಡದೆ ಧಾರಾಳವಾಗಿ ಊನದ ಸರ್ಟಿಫಿಕೇಟ್ ಬರೆಯುವವರ ಬಗ್ಗೆ ಎಚ್ಚರವಿರಲಿ ಎಂದು. ಒಳ್ಳೆಯ ಸರ್ಜನ್‌ಗಳು ದಿನವಿಡೀ ಕಾಯಬೇಕಾಗುತ್ತದೆಂದು ಕೋರ್ಟಿಗೆ ಬರಲು ಹಿಂಜರಿಯುತ್ತಾರೆ, ಅವರಿಗೆ ಸಮಯ ಗೊತ್ತು ಮಾಡಿ ಕರೆಯಿರಿ ಎಂದೂ ಹೇಳಿದೆ. ಹೆಚ್ಚು ಬರೆಸಿಕೊಂಡರೆ ಲಾಭ ಎಂದು ಬ್ರೋಕರ್ ಮಾತು ಕೇಳುವವರು ಇದನ್ನು ಗಮನಿಸಬೇಕು. ಕ್ರಾಸ್ ಎಕ್ಸಾಮಿನೇಷನ್‌ನಲ್ಲಿ ಆ ಕಾಗದ ಬಿದ್ದುಹೋದರೆ ನಿಜವಾದ ಊನವನ್ನೂ ಯಾರೂ ನಂಬುವುದಿಲ್ಲ.

ಗಡಿಯವರಿಗೆ ತೊಡಕು ಇನ್ನೂ ಸ್ವಲ್ಪ ಜಾಸ್ತಿ. ಅಪಘಾತ ಕರ್ನಾಟಕದಲ್ಲಾದರೂ ಅರ್ಜಿದಾರ ತಾನು ವಾಸವಿರುವ ಕಡೆಯ ಟ್ರಿಬ್ಯೂನಲ್‌ನಲ್ಲೇ ಕ್ಲೇಮ್ ಹಾಕಬಹುದು. ಆದರೆ ಸಾಕ್ಷಿ ಹೇಳಬೇಕಾದ ಡಾಕ್ಟರು ಇರುವುದು ಬಳ್ಳಾರಿಯಲ್ಲಿ. 2022ರ ಏಪ್ರಿಲ್‌ನಿಂದ ಕ್ಲೇಮಿಗೆ 6 ತಿಂಗಳ ಗಡುವೂ ಬಂದಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದೆ, ಆದರೂ ಅದನ್ನು ನಂಬಿ ಕೂರುವುದು ಬೇಡ. ಊನ ಅಳೆಯಲು ಮೂಳೆ ಪೂರ್ತಿ ಕೂಡಿಕೊಳ್ಳಬೇಕು ನಿಜ, ಆದರೆ ಕ್ಲೇಮ್ ಮೊದಲೇ ಹಾಕಿಡಬಹುದು. ಅಳತೆಯ ಕಾಗದ ಆಮೇಲೆ ಬಂದರೂ ನಡೆಯುತ್ತದೆ. ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ, ಬಿಲ್ಲು ಒಂದನ್ನೂ ಕಳೆಯಬಾರದು.

ಪಿಂಚಣಿಯ ದಾರಿಯೇ ಬೇರೆ. ಆಂಧ್ರದಲ್ಲಿ 2024ರಿಂದ ಅಂಗವಿಕಲರ ಪಿಂಚಣಿ ತಿಂಗಳಿಗೆ 6,000 ರೂ. ಆಗಿದೆ. ಅದಕ್ಕೆ ಕನಿಷ್ಠ 40% ಊನ ಇರಬೇಕು, ಅಲ್ಲಿನ ಸರಕಾರಿ ಬೋರ್ಡ್ ಕೊಡುವ ‘ಸದರಂ’ ಸರ್ಟಿಫಿಕೇಟೇ ಆಗಬೇಕು. 2025ರಲ್ಲಿ ಮರುಪರಿಶೀಲನೆ ನಡೆದು ಅನೇಕರಿಗೆ ನೋಟಿಸ್ ಹೋಯಿತು. 40 ಮತ್ತು 39ರ ನಡುವೆ ಇರುವುದು ಆ ಬೋರ್ಡಿನಲ್ಲಿ ಕೂತ ಮೂಳೆ ಡಾಕ್ಟರ ಪೆನ್ನು.

ನಮ್ಮ ಹುಡುಗ ಹುಡುಗಿಯರಲ್ಲಿ ಮೆಡಿಕಲ್ ಸೇರುವವರು ಈಗ ಕಡಿಮೆಯೇನಿಲ್ಲ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಎಸ್ ಆರ್ಥೋ 3 ವರ್ಷ, ಪಾಠ ಹೇಳಬೇಕಾದರೆ ಮೇಲೆ ಸೀನಿಯರ್ ರೆಸಿಡೆನ್ಸಿ. ಸರಕಾರಿ ಆಸ್ಪತ್ರೆಯ ಬೋರ್ಡಿನಲ್ಲಿ ಹಿರಿಯರ ಪಕ್ಕ ಕೂತು ಅಳತೆ ಕಲಿಯಲು ಒಳ್ಳೆಯ ಅವಕಾಶ ಸಿಗುವುದು ಆ ವರ್ಷಗಳಲ್ಲೇ. ರಾಯದುರ್ಗದಂಥ ಊರಿನಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಬರುವ ಡಾಕ್ಟರಿಗೆ ‘ನೀನು ಏನು ಕೆಲಸ ಮಾಡ್ತಿದ್ದೆ, ಈಗ ಯಾವುದು ಆಗ್ತಿಲ್ಲ?’ ಎಂದು ಕೇಳಿ ಬರೆದುಕೊಳ್ಳುವುದು ಸುಲಭ.