ಓಲೆಗರಿಗಳ ಛಾಯಾಗ್ರಹಣಕ್ಕೆ ಕ್ಯಾಮೆರಾದ ಆಯ್ಕೆ

ಓಲೆಯ ಪ್ರತಿಯು ಶಿಥಿಲವಾಗಿ ಉದುರಿಹೋದ ಬಳಿಕ ಗ್ರಂಥಸಂಪಾದಕನಿಗೆ ಉಳಿಯುವ ಆಧಾರವು ಅದರ ಛಾಯಾಪ್ರತಿಯೊಂದೇ. ದಕಾರ-ಧಕಾರಗಳನ್ನೂ ಪಕಾರ-ಷಕಾರಗಳನ್ನೂ ಬೇರ್ಪಡಿಸುವುದು ಒಂದು ಸಣ್ಣ ಗೀರು. ಆ ಗೀರು ಚಿತ್ರದಲ್ಲಿ ಮೂಡದಿದ್ದರೆ ಪಾಠನಿರ್ಣಯವು ಊಹೆಗೆ ಇಳಿಯುತ್ತದೆ. ಶಿರಸಿ ತಾಲೂಕಿನ ಸ್ವಾದಿ ಜೈನ ಮಠ, ಸಿದ್ದಾಪುರ ತಾಲೂಕಿನ ಬಿಳಗಿಯ ರತ್ನತ್ರಯ ಬಸದಿ ಮೊದಲಾದವುಗಳಿಂದ ಪ್ರಸಿದ್ಧವಾದ ಸೀಮೆಯಿದು. ಯಲ್ಲಾಪುರವೂ ಸೇರಿದಂತೆ ಇಲ್ಲಿ ಮಳೆಯೂ ತೇವವೂ ಅಧಿಕ. ಬೂಷ್ಟು, ಹುಳುಗಳ ಬಾಧೆಯೂ ಉಂಟು. ಆದುದರಿಂದ ಛಾಯಾಗ್ರಹಣಕ್ಕೆ ಹೊರಡುವವರು ಯಾವ ಕ್ಯಾಮೆರಾ ಕೊಳ್ಳಬೇಕೆಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ.

ಇಂದಿನ ಕ್ಯಾಮೆರಾಗಳಲ್ಲಿ ಫಿಲ್ಮಿನ ಸ್ಥಾನವನ್ನು ಸೆನ್ಸರ್ ಎಂಬ ಫಲಕವು ವಹಿಸುತ್ತದೆ. ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ, ಎಂದರೆ 36×24 ಮಿ.ಮೀ. ಇರುವುದು ಫುಲ್ ಫ್ರೇಮ್. ಸುಮಾರು 23.5×15.6 ಮಿ.ಮೀ. ಅಳತೆಯದು ಕ್ರಾಪ್ ಸೆನ್ಸರ್. ಇದರ ವಿಸ್ತೀರ್ಣವು ಮೊದಲಿನದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟರಿಂದಲೇ ಇದು ಕೀಳೆಂದು ಭಾವಿಸುವವರುಂಟು. ಓಲೆಗರಿಯ ಮಟ್ಟಿಗೆ ಆ ಭಾವನೆ ಸರಿಯಲ್ಲವೆಂಬುದನ್ನು ಲೆಕ್ಕದಿಂದಲೇ ತೋರಿಸಬಹುದು.

50 ಸೆಂ.ಮೀ. ಉದ್ದದ ಒಂದು ಗರಿಯನ್ನು ತೆಗೆದುಕೊಳ್ಳೋಣ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಚಿತ್ರದ ಉದ್ದಕ್ಕೆ 6000 ಬಿಂದುಗಳಿರುತ್ತವೆ. ಸೆನ್ಸರ್ ದೊಡ್ಡದಾಗಲಿ ಚಿಕ್ಕದಾಗಲಿ ಈ ಸಂಖ್ಯೆ ಅದೇ. ಗರಿಯು ಚೌಕಟ್ಟನ್ನು ಉದ್ದಕ್ಕೆ ತುಂಬಿದರೆ ಮಿಲಿಮೀಟರಿಗೆ 12 ಬಿಂದುಗಳು ದೊರೆಯುತ್ತವೆ. ಕಾಲು ಮಿ.ಮೀ. ಅಗಲದ ಗೀರಿಗೆ 3 ಬಿಂದುಗಳಾದವು; ಸೂಕ್ಷ್ಮ ಲಿಪಿಗೆ ಇದು ಸಾಲದು. ಅದೇ ಗರಿಯನ್ನು 30 ಸೆಂ.ಮೀ.ಗಳ ಎರಡು ಭಾಗಗಳಾಗಿ, ನಡುವೆ 10 ಸೆಂ.ಮೀ. ಎರಡರಲ್ಲಿಯೂ ಬರುವಂತೆ ತೆಗೆದರೆ ಮಿಲಿಮೀಟರಿಗೆ 20, ಗೀರಿಗೆ 5 ಬಿಂದುಗಳು ಸಿಗುತ್ತವೆ. ಸ್ಪಷ್ಟತೆಯನ್ನು ಹೆಚ್ಚಿಸಿದ್ದು ಸೆನ್ಸರಿನ ಗಾತ್ರವಲ್ಲ, ತೆಗೆಯುವ ಕ್ರಮ.

ಚಿಕ್ಕ ಸೆನ್ಸರಿಗೆ ಒಂದು ಅನುಕೂಲವೂ ಇದೆ. ಹಳೆಯ ಗರಿಗಳು ಸುರುಳಿಗೊಂಡು ಅಲೆಯಲೆಯಾಗಿರುತ್ತವೆ. ಅವನ್ನು ಒತ್ತಿ ಸಮಮಾಡಿದರೆ ಸೀಳುತ್ತವೆ. ಅಷ್ಟೇ ಕ್ಷೇತ್ರವನ್ನು ಅದೇ ಅಪರ್ಚರ್ ಸಂಖ್ಯೆಯಲ್ಲಿ ತೆಗೆದಾಗ ಕ್ರಾಪ್ ಸೆನ್ಸರಿನಲ್ಲಿ ಸ್ಪಷ್ಟವಾಗಿ ಕಾಣುವ ಆಳವು ಸುಮಾರು ಒಂದೂವರೆ ಪಟ್ಟು ಹೆಚ್ಚು. ಎಫ್/8ರ ಆಸುಪಾಸು ಯೋಗ್ಯ. ಎಫ್/16ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ ಗೀರುಗಳ ಅಂಚು ಮಸುಕಾಗುತ್ತದೆ.

ಕಡಿಮೆ ಬೆಳಕಿನಲ್ಲಿ ದೊಡ್ಡ ಸೆನ್ಸರೇ ಮೇಲೆಂಬುದು ನಿಜ. ಆದರೆ ಗರಿ ಚಲಿಸುವ ವಸ್ತುವಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಐಎಸ್ಒ 100ರಲ್ಲಿಟ್ಟು, ಒಂದು ಸೆಕೆಂಡಿನವರೆಗೆ ಬೆಳಕು ಬೀಳಿಸಿದರೂ ಹಾನಿಯಿಲ್ಲ.

ಲೆನ್ಸನ್ನು ಆರಿಸುವಾಗ ಮಾತ್ರ ಎಚ್ಚರ ಬೇಕು. 50 ಸೆಂ.ಮೀ. ಕ್ಷೇತ್ರಕ್ಕೆ 50 ಮಿ.ಮೀ. ಲೆನ್ಸು ಫುಲ್ ಫ್ರೇಮಿನಲ್ಲಿ ಸುಮಾರು 75 ಸೆಂ.ಮೀ. ಎತ್ತರ ಬೇಡಿದರೆ, ಕ್ರಾಪ್ ಸೆನ್ಸರಿನಲ್ಲಿ 1.1 ಮೀಟರ್ ಬೇಡುತ್ತದೆ. ಅಷ್ಟು ಎತ್ತರದ ಸ್ಟ್ಯಾಂಡು ಅಲುಗಾಡುವ ಸಂಭವ ಹೆಚ್ಚು. 35 ಮಿ.ಮೀ. ಲೆನ್ಸಿನಿಂದ ಇದು ಸುಮಾರು 78 ಸೆಂ.ಮೀ.ಗೆ ಇಳಿಯುತ್ತದೆ. 30 ಸೆಂ.ಮೀ. ಕ್ಷೇತ್ರವಾದರೆ 48 ಸೆಂ.ಮೀ. ಸಾಕು.

ಕ್ರಾಪ್ ಸೆನ್ಸರಿನ ಕ್ಯಾಮೆರಾ, ಲೆನ್ಸುಗಳು ಸಾಮಾನ್ಯವಾಗಿ ಅಗ್ಗ, ಹಗುರ. ಉಳಿದ ಹಣವನ್ನು ಭದ್ರವಾದ ಸ್ಟ್ಯಾಂಡಿಗೂ ಎರಡು ಎಲ್ಇಡಿ ದೀಪಗಳಿಗೂ ಬಣ್ಣದ ಅಳತೆಪಟ್ಟಿಗೂ ವಿನಿಯೋಗಿಸುವುದು ವಿವೇಕ. ಮಸಿ ಅಳಿದು ಕಂಟದ ಗೀರು ಮಾತ್ರ ಉಳಿದ ಗರಿಗಳಿಗೆ ಒಂದು ದೀಪವನ್ನು ಪಕ್ಕದಿಂದ ತೀರ ತಗ್ಗಾಗಿ ಹಾಯಿಸಿದರೆ ನೆರಳಿನಿಂದ ಅಕ್ಷರ ಎದ್ದು ಕಾಣುತ್ತದೆ. 200 ಗರಿಗಳ ಕಟ್ಟಿಗೆ, ಎರಡು ಮಗ್ಗುಲು, ಮಗ್ಗುಲಿಗೆ ಎರಡು ಚಿತ್ರಗಳಂತೆ 800 ಚಿತ್ರಗಳು. ಒಂದಕ್ಕೆ 25 ಎಂಬಿ ಎಂದರೆ 20 ಜಿಬಿ. ಇದನ್ನು ಎರಡು ಡಿಸ್ಕುಗಳಲ್ಲಿ, ಎರಡು ಊರುಗಳಲ್ಲಿ ಇಡಬೇಕು.

ಮಳೆಗಾಲದ ತೇವದಲ್ಲಿ ಲೆನ್ಸಿನ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಸಹಿತ ಅದನ್ನಿಡುವುದು, ಕೆಲಸವನ್ನು ಮಳೆ ಕಳೆದ ತಿಂಗಳುಗಳಲ್ಲಿ ನಡೆಸುವುದು ಉಚಿತ. ಕೊಳ್ಳುವ ಮೊದಲು, ಮಿಲಿಮೀಟರ್ ಪಟ್ಟಿಯೊಡನೆ ಅತ್ಯಂತ ಸಣ್ಣ ಅಕ್ಷರದ ಗರಿಯೊಂದನ್ನು ಆ ಕ್ಯಾಮೆರಾದಿಂದ ತೆಗೆದು, ಲಿಪಿಜ್ಞರಾದ ಪಂಡಿತರಿಂದ ಓದಿಸಬೇಕು. ಮೂಲವನ್ನು ನೋಡದೆ ಅವರು ದ-ಧ ಭೇದವನ್ನು ನಿಸ್ಸಂಶಯವಾಗಿ ಹೇಳಿದರೆ ಆ ಕ್ಯಾಮೆರಾ ಸಾಕೆಂದು ತಿಳಿಯಬಹುದು.