ಮಾದರಿಯೂ ಮಗುವೂ

ಚರಿತ್ರೆಯನ್ನು ಬೋಧಿಸುವ ನಾವು ಭೂಪಟ, ಕೋಟೆಯ ಮಾದರಿ, ಶಾಸನದ ಪಡಿಯಚ್ಚು ಇವುಗಳಿಲ್ಲದೆ ಮುಂದುವರಿಯಲಾರೆವು. ಇವು ಬೇರೊಂದು ವಸ್ತುವಿಗೆ ಪ್ರತಿಯಾಗಿ ನಿಂತಿವೆಯೆಂಬುದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಹಿಂದೊಮ್ಮೆ ಕಲಿತೆವೆಂಬುದನ್ನೇ ಮರೆತಿದ್ದೇವೆ. ಆ ಕಲಿಕೆಯ ವಯಸ್ಸು ಯಾವುದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಶ್ ಅವರು 1987ರಲ್ಲಿ ಪ್ರಕಟಿಸಿದ ಪ್ರಯೋಗವು ಸೊಗಸಾಗಿ ತೋರಿಸಿಕೊಟ್ಟಿತು.

ಒಂದು ಕೊಠಡಿ, ಅದೇ ಬಗೆಯ ಪೀಠೋಪಕರಣಗಳಿಂದ ಕೂಡಿದ ಅದರ ಕಿರಿಯ ಮಾದರಿ. ಮಗುವಿನ ಕಣ್ಣೆದುರಿಗೆ ಪುಟ್ಟ ಆಟಿಕೆಯೊಂದನ್ನು ಮಾದರಿಯಲ್ಲಿ ಅಡಗಿಸುವರು. ಅಂಥದೇ ದೊಡ್ಡ ಆಟಿಕೆಯು ಕೊಠಡಿಯಲ್ಲಿ ಅದೇ ಎಡೆಯಲ್ಲಿದೆಯೆಂದು ತಿಳಿಸಿ ಹುಡುಕಹೇಳುವರು. ಮೂರು ವರ್ಷದವರಲ್ಲಿ ಬಹುಮಂದಿ ನೇರವಾಗಿ ಹೋಗಿ ತೆಗೆದರು. ಎರಡೂವರೆ ವರ್ಷದವರಾದರೋ ಅಲ್ಲಿ ಇಲ್ಲಿ ತಡಕಾಡಿದರು. ಇದು ಮರವೆಯೆ? ಅಲ್ಲ; ಮಾದರಿಯ ಬಳಿಗೆ ಮರಳಿದಾಗ ಪುಟ್ಟ ಆಟಿಕೆಯನ್ನು ಅವರೂ ಸುಲಭವಾಗಿ ಹೊರತೆಗೆದರು.

ಮಾದರಿಯು ತಾನೇ ಒಂದು ವಸ್ತು, ಜೊತೆಗೆ ಮತ್ತೊಂದರ ಸಂಕೇತ. ಮೊದಲನೆಯದು ಎಷ್ಟು ಮನಸೆಳೆಯುವುದೋ ಎರಡನೆಯದು ಎಳೆಯ ಮಗುವಿಗೆ ಅಷ್ಟು ಮರೆಯಾಗುವುದು. ಆದುದರಿಂದಲೇ ಎರಡೂವರೆ ವರ್ಷದವರು ಕೊಠಡಿಯ ಛಾಯಾಚಿತ್ರವನ್ನು ಕಂಡು ಯಶಸ್ವಿಗಳಾದರು. ಮಾದರಿಯನ್ನು ಗಾಜಿನ ಹಿಂದಿರಿಸಿದಾಗಲೂ ಅವರ ಹುಡುಕಾಟ ಸುಧಾರಿಸಿತು. ಮೂರು ವರ್ಷದವರನ್ನು ಅದರೊಡನೆ ಮೊದಲು ಆಡಗೊಟ್ಟರೆ ಅವರೂ ಎಡವಿದರು! ಮುಟ್ಟಿ ಆಡಿದರೆ ಚೆನ್ನಾಗಿ ತಿಳಿಯುತ್ತದೆಂಬ ನಮ್ಮ ಬೋಧಕರ ನಂಬಿಕೆಗೆ ಇದು ತುಸು ಇರಿಸುಮುರಿಸಿನ ಸಂಗತಿ.

1997ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಯಂತ್ರವೊಂದು ಕೊಠಡಿಯನ್ನೇ ಕುಗ್ಗಿಸುತ್ತದೆಂದು ಎರಡೂವರೆ ವರ್ಷದ ಮಕ್ಕಳನ್ನು ನಂಬಿಸಲಾಯಿತು. ಈಗ ಅವರು ಚೆನ್ನಾಗಿ ಹುಡುಕಿದರು. ಅದೇ ಕೊಠಡಿ ಚಿಕ್ಕದಾಗಿದೆ, ಅಷ್ಟೆ. ಸಂಕೇತದ ಗೊಡವೆಯೇ ಇಲ್ಲ.

ಇದು ಕೇವಲ ಪ್ರಯೋಗಶಾಲೆಯ ಕುತೂಹಲವೆಂದು ತೋರಬಹುದು. ಆದರೆ ದೌರ್ಜನ್ಯಕ್ಕೆ ಒಳಗಾದರೆಂಬ ಸಂಶಯವಿರುವ ಮಕ್ಕಳ ವಿಚಾರಣೆಯಲ್ಲಿ, ನಡೆದುದನ್ನು ತೋರಿಸಲು ಗೊಂಬೆಯನ್ನು ಕೊಡುವ ಪದ್ಧತಿ ಅಮೆರಿಕದಲ್ಲಿ ಬಳಕೆಗೆ ಬಂದಿತ್ತು. ಮಗುವು ಗೊಂಬೆಯನ್ನು ತನ್ನ ಪ್ರತಿರೂಪವೆಂದು ಗ್ರಹಿಸುವುದೆಂಬುದು ಅದರ ಆಧಾರ. ಸಾಕ್ಷ್ಯವನ್ನು ತೂಗುವುದೇ ಕಸುಬಾದ ನಮಗೆ ಈ ಆಧಾರದ ಬಲವೆಷ್ಟೆಂಬುದು ಸಣ್ಣ ಪ್ರಶ್ನೆಯಲ್ಲ. ಡಿಲೋಶ್ ಮತ್ತು ಮಾರ್ಜಾಲ್ಫ್ ಅವರು 1995ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಮಗುವಿನ ಮೈಮೇಲೆ ಅಂಟುಚೀಟಿಗಳನ್ನು ಹಚ್ಚಿ, ಗೊಂಬೆಯ ಮೇಲೆ ಅದೇ ಸ್ಥಾನಗಳಲ್ಲಿ ಹಚ್ಚಹೇಳಿದಾಗ ಎಳೆಯ ಮಕ್ಕಳು ಬಹಳವಾಗಿ ತಪ್ಪಿದರು. ನಡೆದುದನ್ನು ಹೇಳುವುದಕ್ಕೂ ಗೊಂಬೆಯಿಂದ ಅವರಿಗೆ ನೆರವೇನೂ ಒದಗಲಿಲ್ಲ.